ಅರ್ಧ ಶಟರ್

ಒಂದೂ ಐವತ್ತಕ್ಕೆ ಶಟರನ್ನು ಅರ್ಧಕ್ಕೆ ಎಳೆಯುತ್ತೇನೆ.
ಪೂರ್ತಿ ಎಳೆದರೆ ಅಂಗಡಿ ಮುಚ್ಚಿತೆನ್ನುತ್ತಾರೆ,
ಎಳೆಯದಿದ್ದರೆ ಒಳಗೆ ಬಂದು
"ಮಲಗಿದ್ದೀಯಾ ದೇಚಕ್ಕ?" ಎಂದು ಎಬ್ಬಿಸುತ್ತಾರೆ.
ಅರ್ಧ ಶಟರಿನ ಅರ್ಥ
ವಿರಾಜಪೇಟೆಯ ಈ ಬೀದಿಗೆ ಈಗ ಬಾಯಿಪಾಠ.

ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಒಂದು ಚಾಪೆ.
ತಲೆಗೆ, ಕುಪ್ಯದ ಕರಿ ಚೂರುಗಳನ್ನು ತುಂಬಿದ ದಿಂಬು.
ಎಷ್ಟು ಗಂಡಸರ ಕಂಕುಳಲ್ಲಿ, ಹೆಗಲಲ್ಲಿ ಹೆಚ್ಚಾಗಿ
ಉಳಿದ ಬಟ್ಟೆಯೋ! ಕಿವಿಗೆ ಒರಟು,
ಆದರೂ ನನ್ನ ತಲೆಯ ಅಳತೆ ಅದಕ್ಕೆ ಗೊತ್ತು.
ಗೋಡೆ ಗಡಿಯಾರ ಎರಡು ಹೊಡೆಯುತ್ತದೆ.
ಒಂದು ಕೇಳಿಸುತ್ತದೆ.
ಇನ್ನೊಂದಕ್ಕೆ ನಾನಿಲ್ಲ.

ಎರಡೂ ಇಪ್ಪತ್ತಕ್ಕೆ ಕುಟ್ಟದ ಬಸ್ಸಿನ ಹಾರ್ನು.
ಏಳುತ್ತೇನೆ. ಕೆನ್ನೆಯ ಮೇಲೆ ಚಾಪೆಯ ಗೆರೆ.
ರವಿಕೆಯ ಅಳತೆ ಕೊಡಲು ಬಂದವರು
ಮೂರರ ತನಕ ಅದನ್ನೇ ಓದುತ್ತಾರೆ.

ಅಮ್ಮನದು ಒಂದೇ ಮಾತು:
ನಡುಹಗಲು ಮಲಗಿದವಳ ಒಲೆಯಲ್ಲಿ ಬೆಕ್ಕು ಮಲಗುತ್ತದೆ.
ನನ್ನದು ಗ್ಯಾಸ್ ಒಲೆ ಅಮ್ಮ, ಬೆಕ್ಕಿಗೆ ಜಾಗವಿಲ್ಲ.
"ಹಗಲು ನಿದ್ದೆ ಶುಗರ್ ತರುತ್ತೆ" ಎನ್ನುತ್ತಾನೆ
ಪಕ್ಕದ ಬೇಕರಿಯ ಉಸ್ಮಾನಿಕ್ಕ,
ಕ್ರೀಮ್ ಬನ್ನುಗಳನ್ನು ಸಾಲಾಗಿ ಜೋಡಿಸುತ್ತ.
ಸುಬೇದಾರ್ ಪೂವಯ್ಯ ಮಾತ್ರ
ಎದೆಗೆ ಟೇಪು ಹಿಡಿದಾಗ ಉಸಿರು ಬಿಗಿಹಿಡಿದೇ ಹೇಳಿದರು:
"ಗಡಿಯಲ್ಲಿ ನಾವು ರೊಟ್ಟಿಯ ಹಾಗೆ, ಸಿಕ್ಕಾಗ ತಿನ್ನುತ್ತಿದ್ದೆವು ನಿದ್ದೆಯನ್ನ.
ಹಸಿವಾಗಿದೆಯೋ ಇಲ್ಲವೋ ಯಾರು ಕೇಳುತ್ತಿದ್ದರು?"

ಬಾಳೆಲೆ ಕಡೆಯ ತೋಟಗಳಲ್ಲಿ ಹಣ್ಣು ಬಿಡಿಸುವವರು
ಬುತ್ತಿ ಮುಗಿಸಿ ಗೋಣಿಯ ಮೇಲೆ ಕಾಲು ಚಾಚುತ್ತಾರೆ.
ಇದು ಸಹಜವೋ, ಆರೋಗ್ಯವೋ,
ಅವರನ್ನು ಯಾರೂ ಕೇಳುವುದಿಲ್ಲ.
ರೈಟರ್ ಸೀಟಿ ಊದುತ್ತಾನೆ, ಅಷ್ಟೆ.
ಊರೂರನ್ನು ಎಚ್ಚರವಾಗಿಡುವ ಬೀಜ
ಅವರ ತಲೆಯಡಿ ಮೂಟೆಯಲ್ಲಿ.

ಎಲ್ಲ ಹಗಲು ನಿದ್ದೆಯೂ ಒಂದೇ ಅಲ್ಲ. ಅದು ನನಗೆ ಗೊತ್ತು.

ಈ ಅಂಗಡಿಯಲ್ಲಿ ಎರಡು ಮಿಷನ್. ಕಿಟಕಿಯ ಪಕ್ಕದ್ದು ಲಿಲ್ಲಿಯದು.
ಹತ್ತೊಂಬತ್ತು ವರ್ಷ ಪಾಳಿಯಲ್ಲಿ ಮಲಗಿದೆವು.
ಅವಳು ಮಲಗಿದಾಗ ನಾನು ತುಳಿಯುವುದನ್ನು ನಿಲ್ಲಿಸುತ್ತಿರಲಿಲ್ಲ,
ಸದ್ದು ನಿಂತರೆ ಅವಳಿಗೆ ಎಚ್ಚರ.
ಅವಳನ್ನು ಚರ್ಚಿನ ಹಿಂದಿನ ಮಣ್ಣಿಗೆ ಕೊಟ್ಟು ಬಂದ ಮೇಲೆ
ಶಟರನ್ನು ಪೂರ್ತಿ ಎಳೆದೆ.
ಎರಡಕ್ಕೆ ಮಲಗಿದರೆ ಐದೂವರೆ.
ಎದ್ದಾಗ ಬೆಳಗೋ ಬೈಗೋ ತಿಳಿಯದೆ
ಹಲ್ಲುಜ್ಜಲು ಹೊರಟದ್ದೂ ಉಂಟು.
ರಾತ್ರಿಯೆಲ್ಲ ಕಣ್ಣು
ಗುಂಡಿ ಹೊಲಿಯದ ಕಾಜಾದ ಹಾಗೆ ತೆರೆದೇ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ
ರಾತ್ರಿ ಗೊರಕೆಯೇ? ಊಟ ಹೇಗೆ? ಎಂದೆಲ್ಲ ಕೇಳಿ
ಬೆರಳಿಗೆ ಚುಚ್ಚಿ, ರಕ್ತ ಕಡಿಮೆ ಎಂದು ಬರೆದು,
ತಲೆಯೆತ್ತದೆ ಕೊನೆಗೊಂದು ಕೇಳಿದರು:
"ಮಲಗಿ ಎದ್ದಾಗ ಹಗುರವೋ, ಭಾರವೋ?"
ಉತ್ತರ ಹೇಳಲು ಹೋಗಿ ಅತ್ತೆ.
ಹಿಂದೆ ಉದ್ದ ಸಾಲಿತ್ತು, ಆದರೂ ಅವರು ಕಾದರು.
ಕಬ್ಬಿಣದ ಮಾತ್ರೆ. ಬೆಳಗಿನ ಬಿಸಿಲು.
ಮಲಗುವುದಾದರೆ ಮೂರಕ್ಕೆ ಮೊದಲು, ಅರ್ಧ ಗಂಟೆಯೊಳಗೆ.
"ನಿದ್ದೆ ತಪ್ಪಲ್ಲ" ಎಂದರು, "ಅದರೊಳಗೆ ಅಡಗಬೇಡಿ."

ಈಗ ಪ್ರತಿದಿನ ಕಣ್ಣು ಬಿಟ್ಟೊಡನೆ ತೂಗಿ ನೋಡುತ್ತೇನೆ:
ಹಗುರವೋ? ಭಾರವೋ?
ಹೆಚ್ಚಿನ ದಿನ ಹಗುರ. ಸೂಜಿಗೆ ದಾರ
ಮೊದಲ ಸಲವೇ ಹೋಗುತ್ತದೆ.
ಕೆಲವು ದಿನ ಇಲ್ಲ. ಆ ದಿನ ಬಸ್ ನಿಲ್ದಾಣದ ತನಕ
ಸುಮ್ಮನೆ ನಡೆದು ಬರುತ್ತೇನೆ.

ಹೊಲಿಗೆ ಕಲಿಯಲು ಬರುವ ಸಫಿಯಾಗೆ ಹತ್ತೊಂಬತ್ತು.
ನಿನ್ನೆ ರಾತ್ರಿ ಅಕ್ಕನ ಮಗುವಿಗೆ ಜ್ವರವಂತೆ,
ತೋಳು ಹೊಲಿಯುತ್ತ ಕುಳಿತಲ್ಲೇ ತೂಗುತ್ತಿದ್ದಳು.
ಹೊಲಿಗೆ ಗೆರೆ ಬಿಟ್ಟು ಕೊರಳ ಕಡೆ ಹೋಗಿತ್ತು.
"ಅಕ್ಕ, ನಾನೂ ಒಂದು ಗಳಿಗೆ..." ಎಂದಳು,
ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ.

ಚಾಪೆ ಬಿಟ್ಟುಕೊಟ್ಟೆ. ದಿಂಬನ್ನೂ.
ಶಟರ್ ಅರ್ಧಕ್ಕೆಳೆದು
ಲಿಲ್ಲಿಯ ಮಿಷನ್ನಿನ ಮೇಲಿನ ಬಟ್ಟೆ ತೆಗೆದು ಕುಳಿತು
ದಾರವಿಲ್ಲದೆ, ಬಟ್ಟೆಯಿಲ್ಲದೆ
ಎರಡೂ ಇಪ್ಪತ್ತರ ತನಕ
ತುಳಿದೆ.